ಅಂಚಿಗೆ ಹೋಗಿ ನಿಂತ್ಕೊ

ಜೆನೋವಾ ಬಳಿಯ ಬಂದರೂರು ಬೋರ್ಗೊರಿವದ ಜನರ ನಾಲಿಗೆಗೆ ಹ್ಯಾಸ್ಲಮ್ ಎಂಬ ಹೆಸರು ಹೊರಳುತ್ತಿರಲಿಲ್ಲ. ಫುಟ್ಬಾಲ್ ಕಲಿಸಲು ಬಂದ ಇಂಗ್ಲಿಷರೆಲ್ಲರ ಹಾಗೆ ಅವನೂ ಅವರಿಗೆ 'ಮಿಸ್ಟರ್'. ಆರು ವರ್ಷದಿಂದ ಬಲಗಾಲು ಎಳೆದುಕೊಂಡೇ ಊರಲ್ಲಿ ಓಡಾಡುತ್ತಿದ್ದ. ಯುದ್ಧದ ಗಾಯವಿರಬೇಕೆಂದು ಜನ ಟೋಪಿ ತೆಗೆಯುತ್ತಿದ್ದರು. ಅವನು ಬೇಡವೆನ್ನುತ್ತಿರಲಿಲ್ಲ.

ಯುದ್ಧವೂ ಇಲ್ಲ, ಮಣ್ಣೂ ಇಲ್ಲ. ಲ್ಯಾಂಕಶೈರಿನಲ್ಲಿ ಆಡುತ್ತಿದ್ದಾಗ ಒಂದು ಶನಿವಾರ ಅವನ ಮೊಣಕಾಲು ತಿರುಚಿತು. ಆ ಕಾಲದಲ್ಲಿ ಬಿದ್ದವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಹಾಗೆ ಎಲ್ಲೂ ಇರಲಿಲ್ಲ. ಹಾಗಾಗಿ ಕುಂಟನನ್ನು ಮೈದಾನದ ಅಂಚಿನಲ್ಲಿ ಲೆಕ್ಕಕ್ಕೆ ನಿಲ್ಲಿಸುವುದು ಆಗಿನ ಪದ್ಧತಿ. ತರಬೇತುದಾರ ಬಕೆಟ್ಟಿನಿಂದ ಸ್ಪಂಜು ತೆಗೆದು ತಣ್ಣೀರು ಹಿಂಡಿ, "ಏನೂ ಆಗಿಲ್ಲ, ಅಂಚಿಗೆ ಹೋಗಿ ನಿಂತ್ಕೊ" ಅಂದಿದ್ದ. ಹ್ಯಾಸ್ಲಮ್ ನಿಂತ. ಅಲ್ಲಿಗೆ ಅವನ ಆಟ ಮುಗಿಯಿತು, ಇಪ್ಪತ್ತಾರನೆಯ ವಯಸ್ಸಿಗೆ.

ಇದನ್ನು ಅವನು ಹೇಳಿದ್ದು ಚಿಂತೊ ಒಬ್ಬನಿಗೆ. ಬಂದರಿನಲ್ಲಿ ಕಲ್ಲಿದ್ದಲು ಮೂಟೆ ಹೊರುತ್ತಿದ್ದ ಚಿಂತೊನನ್ನು ತಂಡಕ್ಕೆ ಕರೆತಂದವನೇ ಅವನು. "ನನ್ನ ಕೈಕೆಳಗೆ ಯಾವನ ಕಾಲೂ ಹೀಗಾಗಕ್ಕೆ ಬಿಡಲ್ಲ ಕಣೋ," ಎಂದು ಮಾತು ಕೊಟ್ಟಿದ್ದ. ಕೊಡುವಾಗ ಮನಸ್ಸಿನಿಂದಲೇ ಕೊಟ್ಟಿದ್ದ. ಅದೇ ಅಸಹ್ಯ.

ಆ ವರ್ಷದ ಕೊನೆಯ ಪಂದ್ಯ. ಗೆಲ್ಲದಿದ್ದರೆ ತಂಡ ಕೆಳಗಿನ ದರ್ಜೆಗೆ. ಒಂದಕ್ಕೊಂದು ಗೋಲು ಸಮವಾಗಿದ್ದಾಗ, ಇನ್ನು ಅರ್ಧ ಗಂಟೆ ಇರುವಂತೆ, ಚಿಂತೊ ಕುಸಿದ. ಹ್ಯಾಸ್ಲಮ್ ಬಕೆಟ್ಟು ಹಿಡಿದು ಕುಂಟುತ್ತಲೇ ಓಡಿ ಅವನ ಮೊಣಕಾಲು ಮುಟ್ಟಿದ. ಚಿಪ್ಪಿನ ಕೆಳಗೆ ಏನೋ ಸಡಿಲಾಗಿ ಜಾರಿತು. ಆ ಜಾರುವಿಕೆ ಅವನಿಗೆ ಚೆನ್ನಾಗಿ ಗೊತ್ತು.

"ಹೊರಗೆ ಎತ್ಕೊಂಡು ಬನ್ನಿ."

ಗೆರೆಯ ಬಳಿ ತಂಡದ ಅಧ್ಯಕ್ಷ ಬ್ರಾಕ್ಕೊ ಕಾದಿದ್ದ. ಸಾಬೂನು ಕಾರ್ಖಾನೆಯ ಧಣಿ. ಬಾಯಿ ತೆರೆದರೆ ಉಪ್ಪುಮೀನು, ಚುರುಟುಗಳ ನಾತ.

"ಏನ್ರೀ ಮಿಸ್ಟರ್, ಹತ್ತೇ ಜನರಲ್ಲಿ ಆಡಿಸ್ತೀರಾ?"

"ಇವನ ಕಾಲು ಹೋಗುತ್ತೆ, ಅಧ್ಯಕ್ಷರೇ."

"ಕಾಲು ಅವನದು, ತಂಡ ನನ್ನದು. ನೀವು ನಮ್ಮವರೋ, ಆ ಕಡೆಯವರೋ? ಜೆನೋವಾದಲ್ಲಿ ಹಡಗಿಗೊಬ್ಬ ಮಿಸ್ಟರ್ ಇಳೀತಾನೆ, ನೆನಪಿಟ್ಕೊಳ್ಳಿ."

"ನಾನ್ ಆಡ್ತೀನಿ ಮಿಸ್ಟರ್," ಎಂದ ಚಿಂತೊ ಹಲ್ಲು ಕಚ್ಚಿ. ಜನ ಅವನ ಹೆಸರು ಕೂಗುತ್ತಿದ್ದರು. ಇಪ್ಪತ್ತೆರಡರ ಹುಡುಗು ಬುದ್ಧಿಗೆ ಅಷ್ಟು ಸಾಕು.

ಬೇಡ ಅನ್ನಬೇಕಾದವನು ಹ್ಯಾಸ್ಲಮ್. ಆಗ ಅವನಿಗೆ ನೆನಪಾದದ್ದೇನು? ಬಾಡಿಗೆ ಮನೆಯ ಅಂಗಳದ ನಿಂಬೆಗಿಡ. ಕಾಫಿ ಅಂಗಡಿಯವನು ಅವನನ್ನು ಕಂಡ ಕೂಡಲೇ ಎಳೆದುಕೊಡುವ ಕುರ್ಚಿ. ಥೂ! ಒಂದು ಕುರ್ಚಿ! ಅವನ ಕೈ ತಾನಾಗಿ ಬಕೆಟ್ಟಿಗೆ ಇಳಿಯಿತು, ಸ್ಪಂಜು ಹಿಂಡಿತು.

"ಏನೂ ಆಗಿಲ್ಲ. ಅಂಚಿಗೆ ಹೋಗಿ ನಿಂತ್ಕೊ."

ಚಿಂತೊ ಅವನ ಮುಖವನ್ನೊಮ್ಮೆ ನೋಡಿ, ಕುಂಟುತ್ತ ಹೋದ.

ಕುಂಟನನ್ನು ಕಾಯುವವರು ಯಾರು? ಎದುರಾಳಿಗಳು ಅವನನ್ನು ಮರೆತೇಬಿಟ್ಟರು. ಕೊನೆಯ ಗಳಿಗೆಯಲ್ಲಿ ಚೆಂಡು ಉರುಳಿ ಅವನ ಹತ್ತಿರವೇ ಬಂತು. ಒಳ್ಳೆಯ ಕಾಲನ್ನು ಊರಿ ಕೆಟ್ಟ ಕಾಲಿನಲ್ಲಿ ಒದ್ದ. ಗೋಲು! ಒದ್ದವನು ಅಲ್ಲೇ ಬಿದ್ದ.

ಜನ ಮೈದಾನಕ್ಕೆ ನುಗ್ಗಿ ಎತ್ತಿಕೊಂಡದ್ದು ಹ್ಯಾಸ್ಲಮ್‌ನನ್ನು. "ಏನ್ ತಲೇರೀ ಮಿಸ್ಟರ್‌ದು! ಕುಂಟನ್ನ ಬೇಕೂಂತಲೇ ನಿಲ್ಲಿಸಿದ್ದು!" ಬ್ರಾಕ್ಕೊ ಅವನ ಎರಡೂ ಕೆನ್ನೆಗೆ ಮುತ್ತಿಟ್ಟ. ಆ ಎಂಜಲನ್ನು ಒರೆಸಿಕೊಳ್ಳಲೂ ಕೈಗೆ ಬಿಡುವಿರಲಿಲ್ಲ, ಎಲ್ಲರೂ ಕುಲುಕುತ್ತಿದ್ದರು. ಹೆಗಲುಗಳ ಮೇಲಿನಿಂದ ಅವನಿಗೆ ಹುಲ್ಲಿನಲ್ಲಿ ಬಿದ್ದ ಚಿಂತೊ ಕಂಡ. ಜನ ಅವನನ್ನು ದಾಟಿಕೊಂಡು ಓಡುತ್ತಿದ್ದರು.

ಮರುದಿನ ಹ್ಯಾಸ್ಲಮ್ ಚಿಂತೊನ ಮನೆಗೆ ಹೋದ. ಬೈಸಿಕೊಳ್ಳಲೆಂದೇ ಹೋದ. ಉಗಿದಿದ್ದರೆ ನಿಂತು ಉಗಿಸಿಕೊಳ್ಳುತ್ತಿದ್ದ.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಚಿಂತೊ ಅವನನ್ನು ಕಂಡು ಎದ್ದು ಕೂತ. ಮುಖದಲ್ಲಿ ಸಂತೋಷ ತುಂಬಿತ್ತು.

"ಇನ್ನು ಆಡಕ್ಕಾಗಲ್ಲ ಅಂದ್ರು ಡಾಕ್ಟ್ರು. ಆಗದಿದ್ರೆ ಬಿಡಿ. ನಂಗೆ ತರಬೇತಿ ಕೆಲಸ ಕಲಿಸಿಕೊಡಿ ಮಿಸ್ಟರ್. ನೀವೂ ಹೀಗೇ ಅಲ್ವಾ ಆಗಿದ್ದು?"

ಹ್ಯಾಸ್ಲಮ್ ಹೌದೆಂದು ತಲೆಯಾಡಿಸಿದ. ಮೆಟ್ಟಿಲಿಳಿದು ಬೀದಿಗೆ ಬಂದು, ಗೋಡೆ ಹಿಡಿದು ವಾಂತಿ ಮಾಡಿದ. ಎದುರಿಗೆ ಬಂದ ಯಾರೋ ಟೋಪಿ ತೆಗೆದರು.