ಹೊಸ್ತಿಲ ಮೇಲೆ ಮಲಗಿದವಳು

“ಏ ಕುರಿ ಕಾಯೋಳೇ, ನಿಜವಾಗ್ಲೂ ಒದೀತಿದ್ದೀಯಲ್ಲೇ ಮುಂಡೇದೇ! ಮೆತ್ತಗೆ ಒದಿ. ಒಳಗೊಳಗೇ ಇಷ್ಟ ಇರೋ ಹಂಗೆ ಒದಿ.”

ನಿರ್ದೇಶಕ ಕಿರುಚಿದ. ಕದ್ದೊಯ್ಯುವವನ ಪಾತ್ರದಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತಿದ್ದ ಮೆದೇರ್ ನಕ್ಕಿದ್ದು ನನ್ನ ಹೊಟ್ಟೆಗೆ ತಾಗಿತು.

ನಾಯಕಿ ನಗರದವಳು, ಹಿಮದಲ್ಲಿ ಎಳೆದಾಡಿಸಿಕೊಳ್ಳುವವಳಲ್ಲ. ಅದಕ್ಕೆ ಅವಳ ಕೆಂಪು ಕೋಟಿನೊಳಗೆ ನಾನು. ಮುಖ ಅವಳದು, ಬೆನ್ನು ನನ್ನದು. ಮದುವೆಗೆಂದು ಕದ್ದು ತಂದವರು ತಲೆಗೆ ಸೊಸೆಯ ಬಿಳಿ ವಸ್ತ್ರ ಕಟ್ಟಿದೊಡನೆ ಅವಳು ಕಣ್ಣೀರಿನಲ್ಲೇ ನಗಬೇಕು. ಆ ನಗುವಿನ ಚಿತ್ರೀಕರಣ ಬೆಳಿಗ್ಗೆಯೇ ಮುಗಿದಿತ್ತು.

ಮನೆ ಮೆದೇರನ ಅಪ್ಪ ಶೇರಾಲಿಯದು. ನಾನು ಕಾಯುವ ಕುರಿಗಳೂ ಅವನವೇ. ಹುಲ್ಲು ಒಣಗುವ ಕಾಲದಲ್ಲಿ ದೊಡ್ಡಿಯ ಬಳಿ ಮೆದೇರ್ ನನ್ನನ್ನು ಮದುವೆಗೆ ಕೇಳಿದ್ದ. ಬೇಡ ಎಂದಿದ್ದೆ. ಮರುದಿನದಿಂದ ಅವರ ಮನೆಯಿಂದ ನಮ್ಮ ಒಲೆಗೆ ಬರುತ್ತಿದ್ದ ಬೆರಣಿ ನಿಂತಿತು.

ಹೊಸ್ತಿಲಿಗೆ ಅಡ್ಡ ಮಲಗುವ ಮುದುಕಿಯಾಗಿ ನನ್ನಜ್ಜಿ ಉಮ್ಸುನೈಯನ್ನು ಕರೆತಂದಿದ್ದರು. ಹಿರಿಯರನ್ನು ದಾಟಿದವರ ವಂಶ ಉಳಿಯದು. ಆ ಭಯಕ್ಕೇ ಕದ್ದು ತಂದ ಹುಡುಗಿ ಒಳಗೆ ಉಳಿಯುತ್ತಾಳೆ. ಅಜ್ಜಿಯ ಕಥೆಗಳಲ್ಲಾದರೆ ಅಂಥವರು ಹಂಸಗಳಾಗಿ ಗುಡಾರದ ಹೊಗೆಗಿಂಡಿಯಿಂದ ಹಾರಿಹೋಗುತ್ತಿದ್ದರು. ಈ ಮನೆಗೆ ತಗಡಿನ ಚಾವಣಿ.

“ಕಟ್!”

ಮೆದೇರ್ ನನ್ನನ್ನು ಒಳಗೆ ಇಳಿಸಿದ್ದ, ಹೆಂಗಸರು ತಲೆಗೆ ಬಿಳಿ ವಸ್ತ್ರ ಕಟ್ಟಿದ್ದರು. ನಾನು ಅದರ ಗಂಟಿಗೆ ಕೈ ಹಾಕಿದೆ. ಶೇರಾಲಿಯ ಹೆಂಡತಿ ನನ್ನ ಮಣಿಕಟ್ಟು ಹಿಡಿದಳು.

“ಬಿಚ್ಬೇಡ ಮಗಾ. ಊರೆಲ್ಲಾ ನೋಡೈತೆ.”

“ಇದು ಸಿನಿಮಾ ಅಲ್ವಾ, ಅಮ್ಮಾ?”

“ಸಿನಿಮಾ ಅವರದು. ವಸ್ತ್ರ ನಮ್ಮ ಪೆಟ್ಟಿಗೇದು.”

ಹೆಂಗಸರು ನನ್ನ ಮೇಲೆ ಮಿಠಾಯಿ ಎರಚಿದರು. ಶೇರಾಲಿ ಗಡ್ಡ ನೀವಿಕೊಂಡ. “ಬೇಡ ಅಂದ್ರೇನೇ ಬೇಕು ಅಂತ ಆ ಸಾಹೇಬ್ರೂ ಹೇಳ್ಲಿಲ್ವಾ? ಈಗ ಹೊರಗೆ ಹೋಗು ನೋಡಾನ. ವಾಪಸ್ ಬಂದೋಳು ಅಂತಾರೆ. ನಾಯೀನೂ ಮೂಸಲ್ಲ.”

ನಾನು ನಿರ್ದೇಶಕನತ್ತ ತಿರುಗಿದೆ. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡೆ.

“ಕ್ಯಾಮೆರಾ ಆನ್ ಮಾಡ್ರೋ!” ಅವನ ಮುಖ ಅರಳಿತು. “ಇದು ನೋಡಿ ಅಳು ಅಂದ್ರೆ!”

ಬಾಗಿಲಲ್ಲಿ ಅಜ್ಜಿ ಕೆಮ್ಮುತ್ತ ಎದ್ದು ಕೂತಳು.

“ಮಲ್ಕೋ ಅಜ್ಜಿ, ಏಳ್ಬೇಡ!” ನಿರ್ದೇಶಕ ಕೂಗಿದ.

“ಸೊಂಟ ಹಿಡ್ಕೊಂಡೈತೆ ಕಣಪ್ಪಾ.” ಗೋಡೆ ಹಿಡಿದು ನಿಂತಳು, ಪಕ್ಕಕ್ಕೆ ಸರಿದಳು. “ಜಿಪಾರ್, ಹೋಗೇ. ನನ್ನನ್ನ ಹೊತ್ಕೊಂಡ್ ಬಂದಾಗ ಅಡ್ಡ ಮಲ್ಗಿದ್ದೋಳು ಏಳ್ಲಿಲ್ಲ. ನಾನೂ ದಾಟ್ಲಿಲ್ಲ. ನಿಂಗೆ ಹೇಳ್ದೇ ಇದ್ದ ಕಥೆ ಅದೊಂದೇ.”

ಕೈ ಕೊಸರಿಕೊಂಡು ಹಾರಿದೆ. ಹಿಂದೆ ಬೂಟುಗಳ ಸದ್ದು, ಬೈಗುಳ. ಅಂಗಳದ ಹಿಮದಲ್ಲಿ ಮುಗ್ಗರಿಸಿ ತಿರುಗಿ ನೋಡಿದರೆ, ಅಜ್ಜಿ ಮತ್ತೆ ಹೊಸ್ತಿಲಿಗೆ ಅಡ್ಡ ಮಲಗಿದ್ದಳು. ಈ ಸಲ ಮುಖ ಮನೆಯೊಳಕ್ಕೆ.

“ದಾಟ್ರೋ, ಸೂಳೇಮಕ್ಳಾ! ಈಗ ದಾಟ್ರೋ!”

ಬೂಟುಗಳು ಹೊಸ್ತಿಲ ಒಳಗೇ ನಿಂತವು. “ಹಂಗೇ ಇರು ಅಜ್ಜಿ, ಚೆನ್ನಾಗ್ ಬರ್ತಿದೆ,” ಎಂದ ನಿರ್ದೇಶಕ.

ನಾನು ವಸ್ತ್ರ ಕಿತ್ತು ಹಿಮಕ್ಕೆಸೆದೆ.

ಮೆದೇರ್ ಒಂದು ಕಾಲೆತ್ತಿದ. ಬೂಟಿಗೆ ಹತ್ತಿದ್ದ ಹಿಮ ಕರಗಿ ಅಜ್ಜಿಯ ಕೆನ್ನೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಅಲುಗಲಿಲ್ಲ. ಬೂಟು ಇನ್ನೂ ಕೆಳಗಿಳಿದಿರಲಿಲ್ಲ.