ಬೆರೆಸಿದ ಮುಲಾಮು

ಐಮಂಗಲದ ಸಮುದಾಯ ಭವನದ ಬಾಗಿಲನ್ನು ಡಾಕ್ಟರ್ ಸುಷ್ಮಿತಾ ಮುಚ್ಚಿಸಿದಾಗಲೇ ಚಂದ್ರಕ್ಕನಿಗೆ ಸುಳಿವು ಸಿಕ್ಕಿತು. ಬಂದಾಗಲೆಲ್ಲ ಮಕ್ಕಳ ಮೈ ನೋಡಿ ಮುಲಾಮಿನ ಟ್ಯೂಬು ಕೊಟ್ಟು ಕಳಿಸುತ್ತಿದ್ದವರು, ಇವತ್ತು ಟ್ಯೂಬಿನ ಡಬ್ಬವನ್ನೇ ಬಿಚ್ಚಿರಲಿಲ್ಲ.

“ಇದು ಇಸುಬಿನ ಹೊಸ ಔಷಧಿಯ ಪರೀಕ್ಷೆ. ಅರ್ಧ ಮಕ್ಕಳಿಗೆ ಔಷಧಿ ಇರೋದು, ಇನ್ನರ್ಧ ಮಕ್ಕಳಿಗೆ ಔಷಧಿ ಇಲ್ಲದ ಬರೀ ಮುಲಾಮು. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ. ಮೊದಲೇ ಹೇಳಿದ್ದೆ ತಾನೆ? ಈಗ ಎಲ್ಲ ಮಕ್ಕಳ ರಕ್ತದಲ್ಲೂ ಔಷಧಿ ಸಿಕ್ಕಿದೆಯಂತೆ. ಏನು ಮಾಡಿದಿರಿ?”

ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಅವರೆಲ್ಲ ಈರುಳ್ಳಿ ಕೀಳುವ ಒಂದೇ ಗುಂಪಿನವರು. ಹೊಲದಲ್ಲಿ ಮಧ್ಯಾಹ್ನ ಮನೆಮನೆಯ ಸಾರನ್ನೂ ಒಂದೇ ಪಾತ್ರೆಗೆ ಸುರಿದು ಉಣ್ಣುವವರು. ಒಬ್ಬಳೂ ಬರೀ ಮುದ್ದೆ ನುಂಗಬಾರದು. ಟ್ಯೂಬು ಬಂದ ಹೊಸದರಲ್ಲಿ ಚಂದ್ರಕ್ಕನ ಮಗಳು ರಮ್ಯಾಳ ಮೊಣಕೈ ಸಂದಿನ ಇಸುಬು ಒಣಗಿತು. ಕೆರೆದುಕೊಳ್ಳದಿರಲೆಂದು ಕೈಗೆ ಕಾಲುಚೀಲ ಕಟ್ಟಿಸಿಕೊಂಡು ಮಲಗುತ್ತಿದ್ದ ಹುಡುಗಿ ಬರಿಗೈಲಿ ನಿದ್ದೆ ಮಾಡಿದಳು. ಓಬವ್ವನ ಮೊಮ್ಮಗ ಜುಂಜೇಶನ ಕುತ್ತಿಗೆಯಿಂದ ಮಾತ್ರ ರಕ್ತ ಒಸರುತ್ತಲೇ ಇತ್ತು. ಒಂದು ಸಂಜೆ ಎಲ್ಲರೂ ಟ್ಯೂಬುಗಳನ್ನು ಒಂದೇ ಬಟ್ಟಲಿಗೆ ಹಿಂಡಿ, ಕಲಸಿ, ಸಮನಾಗಿ ಹಂಚಿಕೊಂಡರು. ಚಂದ್ರಕ್ಕನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಅವಳೂ ಹಿಂಡಿದಳು.

“ಬಟ್ಟಲಾಗೆ ಬೆರೆಸಿದ್ವಿ” ಎಂದಷ್ಟೇ ಓಬವ್ವ ಡಾಕ್ಟರಿಗೆ ಹೇಳಿದಳು.

“ಬೆರೆಸದವರು ಯಾರಾದರೂ ಇದ್ದರೆ ಹೇಳಿ. ಆ ಮಗುವಿಗೆ ಮುಲಾಮು ಮುಂದುವರಿಯತ್ತೆ. ಮಿಕ್ಕವರನ್ನು ಪರೀಕ್ಷೆಯಿಂದ ಕೈಬಿಡಲೇಬೇಕು.”

ಓಬವ್ವ ಚಂದ್ರಕ್ಕನ ತೊಡೆ ಚಿವುಟಿದಳು. “ಲೇ, ಕೈ ಎತ್ತೇ. ನಿಂದು ಅಸ್ಲಿ ಔಷ್ದಿ ಅಂತ ಎಲ್ರಿಗೂ ಗೊತ್ತೈತೆ. ನಾವ್ಯಾರೂ ಬಾಯಿ ಬಿಡಾಕಿಲ್ಲ.”

ರಮ್ಯಾ ತಾಯಿಯ ಮಡಿಲಿಗೊರಗಿದ್ದಳು. ಅವಳ ಮೊಣಕೈಯ ಹೊಸ ಚರ್ಮ ಈರುಳ್ಳಿಯ ಒಳಪದರದಷ್ಟು ತೆಳ್ಳಗಿತ್ತು. ಚಂದ್ರಕ್ಕ ಅದನ್ನು ಬೆರಳಿಂದ ಸವರಿದಳು. ಎದ್ದು ನಿಂತಳು.

“ನಾನೂ ಬೆರೆಸೀನಿ ಮೇಡಂ.”

ಡಾಕ್ಟರ ದನಿ ಏರಿತು. “ಹೀಗೆ ಮಾಡಿದರೆ ಔಷಧಿ ನಿಜವಾಗಿ ಕೆಲಸ ಮಾಡತ್ತೋ ಇಲ್ಲವೋ ತಿಳಿಯೋದು ಹೇಗೆ? ಇಸುಬಿರೋ ಎಷ್ಟು ಮಕ್ಕಳು ಕಾಯ್ತಿದಾರೆ, ಅರ್ಥ ಆಗಲ್ವಾ ನಿಮಗೆ?”

“ಆಗ್ತೈತೆ. ನಮ್ ಹುಡುಗ್ರೂ ಕಾಯ್ತಾ ಅವೆ. ಬೆರೆಸ್ದೇ ಇದ್ದಿದ್ರೆ, ನಿಮ್ ಔಷ್ದಿ ಗೆದ್ದ ಮ್ಯಾಲೆ ಈ ಜುಂಜೇಶಂಗೆ ಕೊಡ್ತಿದ್ರಾ? ಅದೊಂದು ಹೇಳ್ರಿ.”

ಸುಷ್ಮಿತಾ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ಅದು ಕಂಪನಿಯ ತೀರ್ಮಾನ. ನನ್ನ ಕೈಯಲ್ಲಿಲ್ಲ.”

“ಭಲೆ!” ಓಬವ್ವ ಕೈ ತಟ್ಟಿದಳು. “ಚರ್ಮ ನಮ್ದು, ತೀರ್ಮಾನ ಕಂಪ್ನೀದು! ಆಡು ಮಾರೋನೂ ಹಿಂಗೆ ಯವಾರ ಮಾಡಾಕಿಲ್ಲವ್ವ.”

ಬಿಚ್ಚದ ಡಬ್ಬ ಜೀಪು ಹತ್ತಿತು. ಧೂಳೆಬ್ಬಿಸಿ ಜೀಪು ಹೆದ್ದಾರಿಯತ್ತ ಹೋಯಿತು.

“ತಲೆ ಕೆಟ್ಟೈತೇನೇ ನಿಂಗೆ?” ಓಬವ್ವ ಚಂದ್ರಕ್ಕನ ಭುಜ ಹಿಡಿದು ಅಲುಗಿಸಿದಳು. “ಒಂದು ಕೂಸಾದ್ರೂ ಉಳೀತಿತ್ತಲ್ಲೇ.”

“ನಾಳೆ ಹೊಲ್ದಾಗೆ ನಿನ್ ಮುಂದೆ ಕುಂತು ಉಣ್ಣಬ್ಯಾಡ್ವಾ ನಾನು?”

ರಮ್ಯಾ ಆಗಲೇ ಮೊಣಕೈಗೆ ಉಗುರು ತಾಗಿಸಿದ್ದಳು. ಅವ್ವ ನೋಡಿದ್ದು ಕಂಡು ಕೈ ಹಿಂದೆ ಸರಿಸಿದಳು.

“ಅವ್ವ, ನನ್ ಕಾಲುಚೀಲ ಎಲ್ಲಿಟ್ಟೀಯ?”

ಅವನ್ನು ಚಂದ್ರಕ್ಕ, ಮಗಳು ಬರಿಗೈಲಿ ಮಲಗಿದ ಮರುದಿನವೇ, ಒಲೆಗೆ ಹಾಕಿದ್ದಳು.