ಕಾಯಿ ಶೆಡ್ಡಿನ ತೊಟ್ಟಿಲುಗಳು

ಸತ್ತೇಗಾಲದ ಚನ್ನಾಜಮ್ಮನವರ ತೆಂಗಿನಕಾಯಿ ಶೆಡ್ಡಿನಲ್ಲಿ ಕುಸುಮ ಪಾಠ ಶುರುಮಾಡಿದ್ದು ಕಬ್ಬು ಕಡಿಯುವ ಜನ ಬಂದಿಳಿದ ಮರುವಾರ. ಹನೂರಿನಾಚೆಯ, ಮನೆಯಲ್ಲಿ ತಮಿಳು ಆಡುವ ಗಡಿ ಊರುಗಳಿಂದ ಬಂದ ಹದಿನೈದು ಸಂಸಾರಗಳು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡಿದ್ದವು. ದೊಡ್ಡವರು ಬೆಳಿಗ್ಗೆಯೇ ಮಚ್ಚು ಹಿಡಿದು ಹೊರಟರೆ ಮಕ್ಕಳು ದಿನವಿಡೀ ಕಬ್ಬಿನ ಸೋಗೆಯ ನಡುವೆ ಆಡಿಕೊಂಡಿರುತ್ತಿದ್ದರು.

ಕುಸುಮ ಅದೇ ಊರಿನ ಕೂಲಿಕಾರ ಮಾದಸ್ವಾಮಿಯ ಮಗಳು. ಡಿ.ಎಡ್. ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದಳು. ಕೊಳ್ಳೇಗಾಲದ ಸಣ್ಣ ಸಂಸ್ಥೆಯೊಂದು ಸ್ಲೇಟು, ಬಳಪ, ಎರಡು ಚಾಪೆ ಕೊಟ್ಟು, ಜಾಗ ನೀವೇ ಹುಡುಕಿಕೊಳ್ಳಿ ಎಂದಿತ್ತು. ಗಂಡ ತೀರಿದ ಮೇಲೆ ಬೇಸಾಯವನ್ನೆಲ್ಲ ತಾವೇ ನಡೆಸುತ್ತಿದ್ದ ಚನ್ನಾಜಮ್ಮ ಶೆಡ್ಡು ಕೊಡಲು ಒಪ್ಪಿದರು. ಆದರೆ ಕಾಯಿ ರಾಶಿಯ ಹತ್ತಿರ ಯಾರೂ ಸುಳಿಯಕೂಡದು, ಹನ್ನೆರಡೂವರೆಗೆ ಬೀಗ ಹಾಕಿ ಕೀಲಿ ತಂದುಕೊಡಬೇಕು ಎಂದು ಕಟ್ಟಪ್ಪಣೆ ಮಾಡಿದರು.

ಬಂದ ಮಕ್ಕಳಲ್ಲಿ, ಕಬ್ಬು ಕಡಿಯಲು ಬಂದಿದ್ದ ಮುತ್ತಯ್ಯನ ಮಗಳು ರತ್ನಳಿಗೆ ಹನ್ನೊಂದು ವರ್ಷ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು. ಸೊಂಟದ ಮೇಲೆ ಯಾವಾಗಲೂ ಹತ್ತು ತಿಂಗಳ ತಮ್ಮ. ಅಕ್ಷರಗಳನ್ನು ಅವಳು ಹಸಿದವಳಂತೆ ನೋಡುತ್ತಿದ್ದಳು. ಆದರೆ ತಮ್ಮ ಅತ್ತ ಕೂಡಲೇ ಎದ್ದು ಹೊರಗೆ ಹೋಗಬೇಕಾಗುತ್ತಿತ್ತು. ಕೂಸು ಹೊತ್ತು ಬರುತ್ತಿದ್ದ ಇನ್ನೂ ಮೂವರು ಹುಡುಗಿಯರದೂ ಇದೇ ಪಾಡು. ಆರನೇ ದಿನ ರತ್ನ ಬರಲೇ ಇಲ್ಲ. ಕುಸುಮ ಗುಡಿಸಲಿಗೆ ಹೋದಾಗ ಅವಳು ತಲೆ ಎತ್ತದೆ ಹೇಳಿದಳು:

"ನಾ ಬಂದ್ರೆ ಇವ್ನು ಅಳ್ತಾನೆ ಮಿಸ್. ಎಲ್ರು ಪಾಟನೂ ಕೆಡ್ತದೆ."

ಕೀಲಿ ಕೊಡಲು ಹೋದಾಗ ಕುಸುಮ ಇದನ್ನೆಲ್ಲ ಚನ್ನಾಜಮ್ಮನಿಗೆ ಹೇಳಿದಳು. ಹಾಗಾದರೆ ಪಾಠ ನಿಲ್ಲಿಸು ಅನ್ನುತ್ತಾರೇನೋ ಎಂಬ ಭಯವಿತ್ತು. ಅವರು ಕೀಲಿ ಇಸಿದುಕೊಂಡು ಒಳಗೆ ಹೋದರು.

ಮರುದಿನ ಕುಸುಮ ಬರುವಷ್ಟರಲ್ಲಿ ಶೆಡ್ಡಿನ ಬಾಗಿಲು ತೆಗೆದಿತ್ತು. ಆಳು ಪುಟ್ಟಬಸಪ್ಪ ಏಣಿ ಹತ್ತಿ ತೊಲೆಗೆ ಹಳೆಯ ಸೀರೆಗಳನ್ನು ಬಿಗಿಯುತ್ತಿದ್ದ. ಕೆಳಗೆ ನಿಂತ ಚನ್ನಾಜಮ್ಮ ಒಂದೊಂದನ್ನೂ ಜಗ್ಗಿ ನೋಡುತ್ತಿದ್ದರು. ನಾಲ್ಕು ತೊಟ್ಟಿಲು. ಕುಸುಮಳನ್ನು ಕಂಡು ಅವರೇ ಹೇಳಿದರು:

"ಐದು ಮಕ್ಕಳ ತೂಗಿವ್ನಿ ಕಣವ್ವ ನಾನು. ಓಗಿ ಆ ಎಣ್ಣೈಕಳ ಕರ್ಕಂಡ್ ಬಾ. ಕೂಸುಗಳ ನಾ ನೋಡ್ಕತೀನಿ, ನೀ ಪಾಟ ಮಾಡು."

ಮೊದಲ ವಾರ ಕೂಸುಗಳು ಚನ್ನಾಜಮ್ಮನ ಮುಖ ಕಂಡರೇ ಕಿರುಚುತ್ತಿದ್ದವು. ಆಮೇಲೆ ಆ ಕೈಗೆ ಒಗ್ಗಿಕೊಂಡವು. ತೂಗುತ್ತಲೇ ಚನ್ನಾಜಮ್ಮ ಕುಸುಮಳನ್ನೂ ತಿದ್ದುತ್ತಿದ್ದರು: ಹಿಂದೆ ಕೂತವಳಿಗೆ ಕೇಳಿಸುತ್ತಿಲ್ಲ, ಗಟ್ಟಿಯಾಗಿ ಹೇಳು. ರತ್ನ ಕನ್ನಡ ಅರ್ಥವಾಗದ ಚಿಕ್ಕವರಿಗೆ ತಮಿಳಿನಲ್ಲಿ ಬಿಡಿಸಿ ಹೇಳತೊಡಗಿದಳು. ಹನ್ನೆರಡೂವರೆಯ ಮಾತನ್ನು ಯಾರೂ ಎತ್ತಲಿಲ್ಲ. ಎಷ್ಟೋ ದಿನ ಪಾಠ ಎರಡು ಗಂಟೆಯವರೆಗೂ ನಡೆಯುತ್ತಿತ್ತು.

ಕಟಾವು ಮುಗಿಯುತ್ತ ಬಂದಾಗ ಕುಸುಮ ಮುತ್ತಯ್ಯನ ಬಳಿ ಹೋಗಿ, ರತ್ನಳನ್ನು ಅವರ ಊರಿನ ಶಾಲೆಗೆ ಸೇರಿಸಿ ಎಂದು ಕೇಳಿದಳು. ಅವನಿಗೂ ಆಸೆಯಿತ್ತು. ಆದರೆ ಗಂಡ ಹೆಂಡತಿ ಇಬ್ಬರೂ ದುಡಿಯಲು ಹೊರಟರೆ ಕೂಸನ್ನು ನೋಡುವವರಾರು ಎಂದ. ವಿಷಯ ತಿಳಿದ ಚನ್ನಾಜಮ್ಮ ಅಂದು ಸಂಜೆ ತಾವೇ ಗುಡಿಸಲಿಗೆ ನಡೆದುಕೊಂಡು ಬಂದರು. ಅದುವರೆಗೆ ಅವರು ಅತ್ತ ಕಾಲಿಟ್ಟವರಲ್ಲ.

"ಎಡ್ತಿ ಮಕ್ಕಳ ಊರಲ್ಲೇ ಬುಟ್ಟು ನೀನೊಬ್ನೇ ಬಾ ಮುತ್ತಯ್ಯ. ಕಬ್ಬು ಮುಗುದ್ರೂ ತ್ವಾಟದಲ್ಲಿ ಕೆಲ್ಸ ಅದೆ. ವರ್ಸ ಪೂರ್ತಿ ನಾ ಕೊಡ್ತೀನಿ."

ಮುತ್ತಯ್ಯ ಹೆಂಡತಿಯ ಮುಖ ನೋಡಿದ. ಅವಳು ಹೂಂ ಎಂದಳು.

ಶಾಲೆ ತೆರೆದ ವಾರ ಕುಸುಮ ಹನೂರಿಗೆ ಬಸ್ಸು ಹಿಡಿದು ಅಲ್ಲಿಂದ ಅವರ ಊರಿಗೆ ಹೋದಳು. ಹೆಡ್‌ಮಾಸ್ಟರು ರತ್ನಳ ಕೈಗೆ ಪುಸ್ತಕ ಕೊಟ್ಟು ಓದಿಸಿದರು. ಒಂದು ಒತ್ತಕ್ಷರದ ಬಳಿ ತಡವರಿಸಿದವಳು ಮತ್ತೆ ಸಾಲಿನ ಮೊದಲಿಂದ ಓದಿ ಸರಿಮಾಡಿಕೊಂಡಳು. ಅವರು ಇನ್ನೇನೂ ಕೇಳದೆ ಹೆಸರು ಬರೆದುಕೊಂಡರು.

ಕುಸುಮ ಸತ್ತೇಗಾಲ ತಲುಪಿದಾಗ ಮಧ್ಯಾಹ್ನ ಮೂರು ದಾಟಿತ್ತು. ನೆಟ್ಟಗೆ ಚನ್ನಾಜಮ್ಮನ ಮನೆಗೆ ಹೋದಳು. ಎಷ್ಟನೇ ಕ್ಲಾಸಿಗೆ ಹಾಕಿಕೊಂಡರು ಎಂದು ಅವರು ಕೇಳಿದರು. ಐದನೆಯದಕ್ಕೆ ಎಂದಳು ಕುಸುಮ. ಚನ್ನಾಜಮ್ಮ ನಕ್ಕರು. ಆಮೇಲೆ ಎದ್ದು ಒಳಗೆ ಹೋಗಿ ಅವಳಿಗೆ ಊಟಕ್ಕೆ ತಟ್ಟೆ ಹಾಕಿದರು.